ಅಸೂಯೆಗೆ ಕೂತ ಕೂಸು

ಪ್ಯಾರಿಸ್ಸಿನ ಸೇಂತ್ ಜಾಕ್ ಬೀದಿಯಲ್ಲಿ ಹುಟ್ಟಿದ ರಾಜಕುಮಾರರಿಗೆಲ್ಲ ಹುಟ್ಟುತ್ತಲೇ ಗುಂಗುರು ಕೂದಲು. ಹುಟ್ಟಿದ ದಿನವೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು, ಬಲಗೈ ಎತ್ತಿ ಶತ್ರುವಿನ ಕೋಟೆ ಇದ್ದ ದಿಕ್ಕನ್ನು ತೋರಿಸುತ್ತಿದ್ದರು. ಅರಮನೆಯಲ್ಲಿ ಹುಟ್ಟಿದವರ ಸಂಗತಿ ನಮಗೆ ಗೊತ್ತಿಲ್ಲ. ತಾಮ್ರದ ತಗಡಿನ ಮೇಲೆ ಹುಟ್ಟಿ, ಅಚ್ಚಿನ ಯಂತ್ರದಿಂದ ಹಾಳೆಯಾಗಿ ಹೊರಬಿದ್ದು, ಊರವರ ಗೋಡೆ ಏರಿದವರ ಮಾತು ಇದು. ಇದಕ್ಕೆ ಯಾರೂ ಒಂದು ದಿನವೂ ತಕರಾರು ಎತ್ತಿರಲಿಲ್ಲ. ಹೆತ್ತು ಹೆತ್ತು ಸುಸ್ತಾದ ಹೆಂಗಸರು ಕೂಡ ಆ ಚಿತ್ರ ಕೊಂಡು ಒಲೆಯ ಮೇಲಿನ ಗೋಡೆಗೆ ಅಂಟಿಸಿ, "ಎಷ್ಟು ಲಕ್ಷಣವಾಗಿದೆ ನೋಡು ಕೂಸು!" ಎನ್ನುತ್ತಿದ್ದರು.

ಇಂಥ ಕೂಸುಗಳನ್ನು ಕೆತ್ತುವುದರಲ್ಲಿ ಎಲೋಯ್ ತವೆರ್ನೆಲ್ ಎತ್ತಿದ ಕೈ. ಕೂಸುಗಳು ಅಂದೆನೇ? ಕೂಸು ಒಂದೇ. ಅವನ ಗುರು ಬಿಟ್ಟುಹೋದ ಹಳೆಯ ಇಟಲಿ ಚಿತ್ರವೊಂದರಲ್ಲಿದ್ದ ಬಾಲಮನ್ಮಥ ಅದು. ರಾಜಮನೆತನದಲ್ಲಿ ಯಾರಿಗೆ ಹೆರಿಗೆಯಾದರೂ ಎಲೋಯ್ ಅದರ ರೆಕ್ಕೆ ಕಿತ್ತು, ಬಿಲ್ಲು ಕಸಿದುಕೊಂಡು, ಎದೆಗೆ ಅಡ್ಡಪಟ್ಟಿ ತೊಡಿಸಿ ತೊಟ್ಟಿಲಲ್ಲಿ ಕೂರಿಸಿಬಿಡುತ್ತಿದ್ದ. ಒಮ್ಮೆ ಅವಸರದಲ್ಲಿ ರೆಕ್ಕೆಯ ತುದಿಯೊಂದು ಭುಜದ ಹಿಂದೆ ಉಳಿದುಹೋಯಿತು. ಚಿತ್ರದಡಿಗೆ ಪದ್ಯ ಬರೆಯುವ ಪಾದ್ರಿ ಅದನ್ನು ನೋಡಿ ಎರಡು ಚಿಟಿಕೆ ನಶ್ಯ ಏರಿಸಿ, ರಾಜಕುಮಾರನ ಕೀರ್ತಿ ಈಗಿನಿಂದಲೇ ಹಾರಲು ಸಿದ್ಧವಾಗಿದೆ ಎಂದು ನಾಲ್ಕು ಸಾಲು ಹೊಸೆದ. ಆ ಚಿತ್ರ ಉಳಿದವಕ್ಕಿಂತ ಚೆನ್ನಾಗಿ ಖರ್ಚಾಯಿತು.

ಎಲೋಯ್‌ನ ಹೆಂಡತಿ ಗಿಲ್ಮೆತ್ ಮೋಡ ಕೆತ್ತುತ್ತಿದ್ದಳು. ನಗಬೇಡಿ. ಈ ಕಸುಬಿನಲ್ಲಿ ಮೋಡವಿಲ್ಲದೆ ಒಂದು ಹೆಜ್ಜೆ ಇಡುವ ಹಾಗಿಲ್ಲ. ಫ್ರಾನ್ಸ್ ತಾಯಿ ಮಂಡಿಯೂರುವುದು ಮೋಡದ ಮೇಲೆ. ಕೀರ್ತಿದೇವಿ ಕಹಳೆ ಊದುವುದು ಮೋಡದ ಮೇಲೆ. ಕಾಲ ಎಂಬ ಗಡ್ಡದ ಮುದುಕ ತನ್ನ ಕುಡುಗೋಲು ಒರಗಿಸುವುದೂ ಮೋಡಕ್ಕೇ. ಯಾರ ಪಾದ ಬರೆಯಲು ಬಾರದಿದ್ದರೂ ಅಲ್ಲೊಂದು ಮೋಡ ಬಂದು ಮರ್ಯಾದೆ ಕಾಪಾಡುತ್ತದೆ. ಎಲೋಯ್‌ಗೆ ಯಾರ ಪಾದವೂ ಬರುತ್ತಿರಲಿಲ್ಲ. ಹಾಗಾಗಿ ಗಿಲ್ಮೆತ್‌ಗೆ ಕೈತುಂಬ ಕೆಲಸ.

ಕೈತುಂಬ ಕೆಲಸವಿದ್ದ ಮನೆಯಲ್ಲಿ ಕೂಸಿಗೆ ಜಾಗವೆಲ್ಲಿ? ಆ ಬೀದಿಯ ಕಸುಬಿನವರೆಲ್ಲ ಮಾಡುತ್ತಿದ್ದುದು ಒಂದೇ. ಮಗು ಹುಟ್ಟಿದ ಮಾರನೆಯ ದಿನ ಇಗರ್ಜಿಯಲ್ಲಿ ದೀಕ್ಷಾಸ್ನಾನ, ಅದರ ಮಾರನೆಯ ದಿನ ದೂರದ ಹಳ್ಳಿಯಲ್ಲಿ ಮೊಲೆಹಾಲು ಕೊಡುವ ದಾದಿಯ ಮನೆಗೆ. ಸಾಗಿಸುವುದಕ್ಕೆ ಬ್ಲೇಜ್ ಎಂಬ ಗಾಡಿಯವನಿದ್ದ. ಹುಲ್ಲು ಹಾಸಿದ ಗಾಡಿಯಲ್ಲಿ ಬುಟ್ಟಿಗಳು, ಬುಟ್ಟಿಗಳಲ್ಲಿ ಬೀದಿಯ ಮಕ್ಕಳು. ಬದುಕಿದ ಮಗು ಎರಡು ಮೂರು ವರ್ಷಕ್ಕೆ ತಾನೇ ನಡೆದುಕೊಂಡು ಮನೆಗೆ ಬಂದು, ಹೆತ್ತವಳನ್ನು ಯಾರೋ ಎಂಬಂತೆ ನೋಡುತ್ತಿತ್ತು. ಗಿಲ್ಮೆತ್ ತನ್ನ ಇಬ್ಬರು ಗಂಡುಮಕ್ಕಳನ್ನು ಹಾಗೆ ಕಳಿಸಿದ್ದಳು. ಎರಡು ಸಲವೂ ಕೆಲವು ತಿಂಗಳಲ್ಲಿ ಬ್ಲೇಜ್ ಬಾಗಿಲಿಗೆ ಬಂದು, ಹ್ಯಾಟು ತೆಗೆದು, ಮಗುವಿನ ಟೊಪ್ಪಿಗೆಯನ್ನೂ ಸುತ್ತುಬಟ್ಟೆಯನ್ನೂ ಒಪ್ಪಿಸಿ ಹೋಗಿದ್ದ. ಬ್ಲೇಜ್ ಪ್ರಾಮಾಣಿಕ. ಸತ್ತ ಮಗುವಿನ ಟೊಪ್ಪಿಗೆಯನ್ನು ಒಂದು ದಿನವೂ ತಾನು ಇಟ್ಟುಕೊಂಡವನಲ್ಲ.

ಮೂರನೆಯ ಸಲ ಬಸುರಾದಾಗ ಗಿಲ್ಮೆತ್ ಉಳಿ ಕೆಳಗಿಟ್ಟು ಗಂಡನಿಗೆ ಹೇಳಿದಳು: "ಈ ಸಲದ್ದನ್ನ ನಾನು ಕಳಿಸೋದಿಲ್ಲ ಕಣ್ರೀ."

"ಕಳಿಸ್ದೆ? ತಗಡು ಕೊರೆಯೋ ಈ ದ್ರಾವಕದ ವಾಸನೇಲಿ ಸಾಕ್ತೀಯಾ? ನಮಗೇ ಕಣ್ಣುರಿ ತಡಿಯೋಕಾಗಲ್ಲ."

"ಕಿಟಕಿ ತೆಗೆದ್ರಾಯ್ತು."

"ಮೋಡ ಯಾರು ಮಾಡ್ತಾರೆ? ನಿಮ್ಮಮ್ಮ ಬಂದು ಮಾಡ್ತಾಳಾ? ಊರಿಗೆಲ್ಲ ಒಂದು ದಾರಿಯಾದ್ರೆ ನಿನಗೇ ಒಂದು ದಾರಿ. ನನ್ನನ್ನೂ ಗಾಡೀಲೇ ಕಳಿಸಿದ್ರು. ನಾನು ಬದುಕಿಲ್ವೇನೇ?"

ಎಲೋಯ್ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಹೆಂಡದಂಗಡಿಯಲ್ಲಿ ಬಿದ್ದಿರುವವನಲ್ಲ. ಎಲ್ಲರೂ ಮಾಡುವುದನ್ನು ತಾನೂ ಮಾಡುವವನು, ಅಷ್ಟೆ. ಅಂಥವರ ಜೊತೆ ಹೆಣಗುವುದೇ ಕಷ್ಟ. ಕೆಟ್ಟವನಾಗಿದ್ದರೆ ಗಿಲ್ಮೆತ್ ಬೈದಾದರೂ ಗೆಲ್ಲುತ್ತಿದ್ದಳು. ಅವಳು ಮತ್ತೆ ಉಳಿ ಎತ್ತಿಕೊಂಡು ಅರ್ಧಕ್ಕೆ ನಿಂತಿದ್ದ ಮೋಡ ಮುಗಿಸಿದಳು.

ಅದೇ ವರ್ಷ ರಾಣಿಯೂ ಬಸುರಿ. ಬೀದಿಯ ದೊಡ್ಡ ಚಿತ್ರದಂಗಡಿಯ ಸಾಹುಕಾರ ದ್ರುವಾರ್ ಆರು ತಿಂಗಳಾಗುವಷ್ಟರಲ್ಲೇ ಎಲೋಯ್‌ಗೆ ಕೆಲಸ ಒಪ್ಪಿಸಿದ್ದ. ತೊಟ್ಟಿಲ ಮುಂದೆ ಫ್ರಾನ್ಸ್ ತಾಯಿ, ಮೇಲೆ ಕೀರ್ತಿ, ಪಕ್ಕಕ್ಕೆ ಕಾಲ, ತೊಟ್ಟಿಲ ಕಾಲಡಿ ಸಿಕ್ಕಿ ನಲುಗುವ ಅಸೂಯೆ. ಗಂಡೋ ಹೆಣ್ಣೋ ಎಂಬ ಚಿಂತೆ ಯಾರಿಗೂ ಇರಲಿಲ್ಲ. ಹೆಣ್ಣಾದರೆ ಪದ್ಯ ಬದಲಾಯಿಸುವುದು ಪಾದ್ರಿಯ ತಲೆನೋವು.

ತಲೆನೋವಾದದ್ದು ಅಸೂಯೆ. ಅಸೂಯೆ ಎಂದರೆ ಹಾವಿನ ಕೂದಲಿನ ಮುದುಕಿ, ರಾಜಮನೆತನದ ಸುಖ ಕಂಡು ಸಂಕಟಪಟ್ಟು ಅರಚಬೇಕು. ಎಲೋಯ್ ಬರೆದ ಮುದುಕಿಯನ್ನು ದ್ರುವಾರ್ ಎರಡು ಸಲ ವಾಪಸ್ಸು ಮಾಡಿದ. "ಹೊಟ್ಟೆಕಿಚ್ಚೆಲ್ಲಯ್ಯ ಇದರಲ್ಲಿ? ಸಂತೇಲಿ ಈರುಳ್ಳಿ ರೇಟು ಕೇಳಿ ಬೇಜಾರಾದೋಳ ಹಾಗಿದ್ದಾಳೆ. ಕಾಲ ಬದಲಾಗಿದೆ ಎಲೋಯ್. ಈಗೆಲ್ಲ ಜನಕ್ಕೆ ಪ್ರಕೃತಿ ಬೇಕು, ನಿಜವಾದ್ದು ಬೇಕು. ದೊಡ್ಡ ದೊಡ್ಡ ಮನೆತನದ ಹೆಂಗಸ್ರೇ ಮೊಲೆ ಕೊಡೋಕೆ ಶುರು ಮಾಡಿದ್ದಾರಂತೆ, ಗೊತ್ತಾ?"

ಎಲೋಯ್ ತಲೆಯಾಡಿಸಿದ. ಹೊಟ್ಟೆ ಹೊತ್ತು ಮೂಲೆಯಲ್ಲಿ ಕೂತಿದ್ದ ಗಿಲ್ಮೆತ್ ಆ ಕೊನೆಯ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡಳು.

ರಾಣಿಗಿಂತ ಮುಂಚೆ ಗಿಲ್ಮೆತ್ ಹೆತ್ತಳು. ಹೆಣ್ಣು. ಸೂಲಗಿತ್ತಿ ರಾದ್‌ಗೋಂದ್ ಅಜ್ಜಿ ಕೂಸನ್ನು ತೊಳೆದು, ಕೈಕಾಲು ನೆಟ್ಟಗೆ ಮಾಡಿ, ಮೂಗು ಬಾಯಿ ಬಿಟ್ಟು ಉಳಿದದ್ದನ್ನೆಲ್ಲ ಬಟ್ಟೆಯಲ್ಲಿ ಬಿಗಿದು ಕಟ್ಟಿದಳು. ಸೇಂತ್ ಸೆವೆರಿನ್ ಇಗರ್ಜಿಯಲ್ಲಿ ಅಪೊಲಿನ್ ಎಂದು ಹೆಸರಿಟ್ಟು ತಂದರು. ಬ್ಲೇಜ್‌ನ ಗಾಡಿ ಬರುವುದು ಮಾರನೆಯ ಬೆಳಗ್ಗೆ. ಗಿಲ್ಮೆತ್ ಮಗುವನ್ನು ಮಡಿಲಲ್ಲಿಟ್ಟುಕೊಂಡು ಗಂಡ ಸೂಪು ಕುಡಿದು ಮುಗಿಸುವವರೆಗೆ ಕಾದಳು. ಹಸಿದ ಗಂಡಸಿನ ಜೊತೆ ವಾದ ಮಾಡಬಾರದು ಎಂಬಷ್ಟು ಲೋಕಜ್ಞಾನ ಅವಳಿಗಿತ್ತು.

"ರೀ, ರಾಣಿ ಮಗು ಹುಟ್ಟಿದ ದಿನ ಹೇಗಿರುತ್ತೆ?"

"ಹೇಗಿರುತ್ತೆ ಅಂದ್ರೆ? ಮಗು ಇದ್ದ ಹಾಗಿರುತ್ತೆ."

"ನೀವು ಯಾವತ್ತಾದ್ರೂ ನೋಡಿದ್ದೀರಾ, ಹುಟ್ಟಿದ ಮಗೂನ?"

ಎಲೋಯ್ ಯೋಚಿಸಿದ. "ಬಟ್ಟೇಲಿ ಸುತ್ತಿದ್ದು ನೋಡಿದ್ದೀನಿ."

"ಚೀಲ ನೋಡಿ ಬಟಾಣಿ ನೋಡ್ದೆ ಅಂದ ಹಾಗಾಯ್ತು. ನಿಜವಾದ್ದು ಬೇಕು ಅಂತ ಸಾಹುಕಾರ್ರು ಬಾಯಿಬಿಟ್ಟು ಹೇಳ್ಲಿಲ್ವಾ? ಈ ಬೀದೀಲಿ ನಿಜವಾದ ಕೂಸು ಇನ್ಯಾವನ ಹತ್ರ ಇದೆ ಹೇಳಿ. ಎಲ್ರೂ ಗಾಡಿ ಹತ್ತಿಸಿ ಕೈ ತೊಳಕೊಂಡಿದ್ದಾರೆ. ನೀವೊಬ್ರೇ ನೋಡಿ ಬರೆದೋರಾಗ್ತೀರಿ."

ಅಪ್ಪನಾಗಿ ಎಲೋಯ್‌ಗೆ ಈ ಮಾತು ತಾಗಲಿಲ್ಲ. ಕಸುಬಿನವನಾಗಿ ತಾಗಿತು. ಬೆಳಗ್ಗೆ ಬ್ಲೇಜ್ ಬಂದಾಗ, ಮುಂದಿನ ಸುತ್ತಿಗೆ ಬಾ, ಮಗುವಿಂದ ಸ್ವಲ್ಪ ಕೆಲಸ ಇದೆ ಎಂದ. ಹುಟ್ಟಿ ಎರಡು ದಿನವಾದ ಮಗುವಿಂದ ಏನು ಕೆಲಸ ಎಂದು ಬ್ಲೇಜ್ ಕೇಳಲಿಲ್ಲ. ಪ್ಯಾರಿಸ್ಸಿನವರ ಮನೆಗಳಲ್ಲಿ ಅವನು ಇದಕ್ಕಿಂತ ವಿಚಿತ್ರ ಕಂಡಿದ್ದ.

ಒಲೆಯ ಹತ್ತಿರ ಬಟ್ಟೆ ಹಾಸಿ ಗಿಲ್ಮೆತ್ ಮಗುವನ್ನು ಬಿಚ್ಚಿದಳು. ರಾದ್‌ಗೋಂದ್ ಅಜ್ಜಿ ಎದೆ ಎದೆ ಬಡಿದುಕೊಂಡಳು. "ಅಯ್ಯೋ ನಿನ್ನ ಬುದ್ಧಿಗಿಷ್ಟು! ಬಿಚ್ಚಿಟ್ರೆ ಕೈಕಾಲು ಸೊಟ್ಟಗಾಗಲ್ವೇನೇ? ನಾಳೆ ಯಾರು ಮದುವೆಯಾಗ್ತಾರೆ ಇದನ್ನ?" ಎಂದು ಗೊಣಗುತ್ತ ಹೊರಟುಹೋದಳು. ಎಲೋಯ್ ಇದ್ದಿಲು ಕಡ್ಡಿ ಹಿಡಿದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇದಕ್ಕೆ ಕತ್ತೇ ಇಲ್ವಲ್ಲೇ!"

"ಇದೆ. ಒಳಗಡೆ ಇದೆ."

"ತಲೆ ಯಾಕೆ ಹೀಗೆ ಒಂದು ಕಡೆ ಎಳೆದ ಹಾಗಿದೆ?"

"ಅಷ್ಟು ಸಣ್ಣ ಬಾಗಿಲಿಂದ ನಿಮ್ಮನ್ನ ಎಳೆದಿದ್ರೆ ಗೊತ್ತಾಗ್ತಿತ್ತು."

ಅವನು ಬರೆದ. ಮೊಣಕಾಲು ಬರೆದ, ಮುದುಕರ ಹಣೆಯಂತೆ ಸುಕ್ಕಾದ ಅಂಗೈ ಬರೆದ, ಮುಷ್ಟಿಯೊಳಗೆ ಅಡಗಿದ್ದ ಹೆಬ್ಬೆರಳು ಬರೆದ. ಬಾಲಮನ್ಮಥನನ್ನು ಅಷ್ಟು ವರ್ಷ ಕಣ್ಣುಮುಚ್ಚಿ ಕೆತ್ತಿದ್ದ ಕೈ, ಈ ಪುಟ್ಟ ಮೂಗಿನ ಮುಂದೆ ಮೂರು ಹಾಳೆ ಹಾಳುಮಾಡಿತು. ಒಂದು ಮಧ್ಯಾಹ್ನ ಮಗು ಅತ್ತಾಗ ಆ ಅಳುವನ್ನೂ ಸರಸರನೆ ಗೀಚಿಕೊಂಡ. ಗಿಲ್ಮೆತ್ ಮಂಚದ ಮೇಲಿಂದ ನೋಡುತ್ತ, ನೋಡಲಿ, ನೋಡಿದಷ್ಟೂ ಒಳ್ಳೆಯದು ಎಂದುಕೊಂಡಳು.

ಅಷ್ಟರಲ್ಲಿ ಫಿರಂಗಿ ಹಾರಿತು. ರಾಣಿಗೆ ಗಂಡು! ಊರಿಗೆ ಊರೇ ಬೀದಿಗೆ ಬಿತ್ತು. ಚೌಕದ ಕಾರಂಜಿಯಲ್ಲಿ ವೈನು ಹರಿಯಿತು, ಜನ ಟೊಪ್ಪಿಗೆಯಲ್ಲಿ ಹಿಡಿದು ಕುಡಿದರು. ಇಗರ್ಜಿಗಳ ಗಂಟೆಗೆ ಅಪೊಲಿನ್ ಬೆಚ್ಚಿಬಿದ್ದು ಕಿರುಚಿತು. ದ್ರುವಾರ್ ಲಾಯ ಬಿಟ್ಟು ಓಡಿಬಂದ ಕುದುರೆಯ ಹಾಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಬಂದ.

"ಎಲ್ಲಿ? ರಾಜಕುಮಾರ ಎಲ್ಲಿ?"

ಎಲೋಯ್ ಹೆಮ್ಮೆಯಿಂದ ಹಾಳೆ ಕೊಟ್ಟ. ದ್ರುವಾರ್ ಅದನ್ನು ನೆಟ್ಟಗೆ ಹಿಡಿದ, ತಲೆಕೆಳಗೆ ಹಿಡಿದ, ಕಿಟಕಿಯ ಬೆಳಕಿಗೆ ಹಿಡಿದ.

"ಏನಯ್ಯ ಇದು?"

"ನಿಜವಾದ್ದು, ಸಾಹುಕಾರ್ರೇ. ಎದುರಿಗಿಟ್ಕೊಂಡು ಬರೆದದ್ದು."

"ಬೇಯಿಸಿದ ಗಡ್ಡೆ ಇದ್ದ ಹಾಗಿದೆ! ಕತ್ತೆಲ್ಲಿ? ಕೂದಲೆಲ್ಲಿ? ಇದನ್ನ ಅಂಗಡೀಲಿ ನೇತುಹಾಕಿದ್ರೆ ನಾಳೆ ನನ್ನನ್ನ ಜೈಲಲ್ಲಿ ನೇತುಹಾಕ್ತಾರೆ. ಹೆತ್ತೋರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಹೆಗ್ಗಣಾನ ಊರಿಗೆಲ್ಲ ಮಾರೋಕಾಗುತ್ತೇನಯ್ಯ?"

"ಪ್ರಕೃತಿ ಅಂದ್ರಲ್ಲ..."

"ಅಂದೆ. ಇಷ್ಟೊಂದು ಅಂದ್ನಾ? ಹೋಗ್ಲಿ, ಆ ಹಳೇ ಮನ್ಮಥನ್ನೇ ಕೂರ್ಸು. ರೆಕ್ಕೆ ಮಾತ್ರ ನೋಡ್ಕೊಂಡು ಕೀಳು."

ಗಿಲ್ಮೆತ್‌ಳ ಲೆಕ್ಕ ಸರಳವಾಗಿತ್ತು. ಮನ್ಮಥ ತೊಟ್ಟಿಲಿಗೆ ಬಂದರೆ ತನ್ನ ಮಗಳು ಗಾಡಿಗೆ. ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಅಷ್ಟರಲ್ಲಿ ಉಳಿದ ಹಾಳೆಗಳನ್ನು ಮಗುಚುತ್ತಿದ್ದ ದ್ರುವಾರ್ ಒಂದರ ಮೇಲೆ ಕೈಯಿಟ್ಟು ನಿಂತುಬಿಟ್ಟ. ಮಧ್ಯಾಹ್ನ ಗೀಚಿದ ಅಳು ಅದು. ಹಲ್ಲಿಲ್ಲದ ಬಾಯಿ ಅಗಲಿಸಿ, ಕಣ್ಣು ಹಿಂಡಿ, ಹಣೆಯಲ್ಲಿ ಲೋಕದ ಸಂಕಟವೆಲ್ಲ ಸುಕ್ಕುಗಟ್ಟಿತ್ತು.

"ಯಾರಯ್ಯ ಈ ಮುದುಕಿ? ಎಲ್ಲಿಂದ ಹಿಡ್ಕೊಂಡು ಬಂದೆ? ನಾನು ಕೇಳ್ತಿದ್ದ ಹೊಟ್ಟೆಕಿಚ್ಚು ಇದೇ ಕಣೋ!"

"ಅದು ಮುದುಕಿ ಅಲ್ಲ, ಅದು ನಮ್ಮ..."

"ಅಸೂಯೆ ಸಾಹುಕಾರ್ರೇ, ಅಸೂಯೆನೇ," ಎಂದು ಗಿಲ್ಮೆತ್ ಮಂಚದಿಂದಲೇ ಕೂಗಿದಳು. "ಅಸೂಯೆ ಅಂತಲೇ ಬರೆದದ್ದು. ಇನ್ನೂ ಅರ್ಧ ಆಗಿದೆ ಅಷ್ಟೆ. ಬಾಯಿ ಒಳಗಡೆ ಬಾಕಿ, ಹುಬ್ಬು ಬಾಕಿ. ಚಿತ್ರಕ್ಕೆ ಕೂತು ಕೊಡೋರು ಇಲ್ಲೇ ಇದ್ದಾರೆ, ಇನ್ನಷ್ಟು ದಿನ ಬೇಕು."

"ಮಾಡಿ, ಮಾಡಿ. ಆದ್ರೆ ಬೇಗ," ಎಂದು ದ್ರುವಾರ್ ಕೈಯುಜ್ಜಿಕೊಳ್ಳುತ್ತ ಇಳಿದುಹೋದ.

ಎಲೋಯ್ ಹೆಂಡತಿಯ ಕಡೆ ತಿರುಗಿದ. "ನಮ್ಮ ಮಗೂನ ಅಸೂಯೆ ಮಾಡ್ಬಿಟ್ಯಲ್ಲೇ."

"ಮಾಡ್ದೆ. ರಾಜಕುಮಾರಿ ಮಾಡಿದ್ರೆ ಯಾರಾದ್ರೂ ಬಿಡ್ತಿದ್ರಾ?"

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಕಂಡು ರಾದ್‌ಗೋಂದ್ ಅಜ್ಜಿ, ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂದು ಬೀದಿಗೆಲ್ಲ ಸಾರಿದಳು. ಮಗು ಅಳಬೇಕು, ಅತ್ತರೆ ಕೆಲಸ. ಮಗು ಹಸಿದಾಗ ಅಳುತ್ತಿತ್ತು. ಅದು ಬಾಯಿ ತೆರೆದ ತಕ್ಷಣ ಎಲೋಯ್ ಕಡ್ಡಿ ಹಿಡಿದು ಓಡಿಬರುತ್ತಿದ್ದ. ಅವನು ಓಡಿಬರುವಷ್ಟರಲ್ಲಿ ಗಿಲ್ಮೆತ್ ಮೊಲೆ ಕೊಟ್ಟಾಗಿರುತ್ತಿತ್ತು. ಲೋಕದ ಅಸೂಯೆಯೆಲ್ಲ ಅಲ್ಲೇ ಅಡಗಿ, ಕಿವಿ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು.

"ಒಂದು ನಿಮಿಷ ತಡಿಯೇ ಮಾರಾಯ್ತಿ! ಹುಬ್ಬು ಸಿಗ್ತಿತ್ತು!"

"ನಾನೇನ್ಮಾಡ್ಲಿ? ಹಾಲು ತಾನಾಗೇ ಸುರೀತದೆ."

"ಅತ್ರೆ ಎದೆ ಬಲವಾಗುತ್ತೆ ಅಂತಾರೆ."

"ಹಾಗಾದ್ರೆ ನೀವು ಸ್ವಲ್ಪ ಅಳಿ, ಬಲವಾಗ್ಲಿ."

ಎಲೋಯ್‌ಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿಯುವವರೆಗೆ ಕೈ ಸುಮ್ಮನಿರಬೇಕಲ್ಲ, ಅದಕ್ಕೆ ಮಗು ಹಾಲು ಕುಡಿಯುವುದನ್ನು ಬರೆಯುತ್ತಿದ್ದ. ಕುಡಿದು ಮಲಗಿದ್ದನ್ನು ಬರೆಯುತ್ತಿದ್ದ. ಇವು ಯಾವುದಕ್ಕೂ ಗಿರಾಕಿಯಿರಲಿಲ್ಲ. ಹಾಳೆ ದುಬಾರಿ ಎಂದು ಹಳೆಯ ಅಚ್ಚುಗಳ ಬೆನ್ನ ಮೇಲೆ ಬರೆಯತೊಡಗಿದ. ಮಾರಾಟವಾಗದೆ ಉಳಿದ ರಾಜಕುಮಾರಿಯರ ಬೆನ್ನ ಮೇಲೆಲ್ಲ ಅಪೊಲಿನ್ ತುಂಬಿಹೋಯಿತು.

ದ್ರುವಾರ್‌ನ ಆಳು ದಿನಕ್ಕೊಮ್ಮೆ ಬಂದು ಬಾಗಿಲು ಬಡಿಯತೊಡಗಿದ. ಎದುರಂಗಡಿಯವನು ಆಗಲೇ ಒಬ್ಬ ರಾಜಕುಮಾರನನ್ನು ನೇತುಹಾಕಿದ್ದನಂತೆ. ಹೆರಿಗೆಯ ದಣಿವು, ಮೇಲೆ ಕಾವಲಿನ ದಣಿವು. ಒಂದು ಮಧ್ಯಾಹ್ನ ಗಿಲ್ಮೆತ್ ಕೂತಲ್ಲೇ ನಿದ್ದೆಹೋದಳು. ಎಚ್ಚರವಾದಾಗ ಮಡಿಲು ಖಾಲಿ. ಎದ್ದು ನೋಡಿದರೆ ಎಲೋಯ್ ಕಿಟಕಿಯ ಹತ್ತಿರ ನಿಂತಿದ್ದ. ಒಂದು ತೋಳಿನಲ್ಲಿ ಅತ್ತು ಅತ್ತು ಬಿಕ್ಕುತ್ತಿದ್ದ ಮಗು, ಇನ್ನೊಂದು ಕೈಯಲ್ಲಿ ಕಡ್ಡಿ. ಮಗುವಿನ ಕೆನ್ನೆಗೆ ಇದ್ದಿಲು ಮೆತ್ತಿತ್ತು.

"ಮುಗೀತು," ಎಂದ. ಕೆಲಸ ಮುಗಿಸಿದವನ ಮುಖ ಹಾಗಿರುವುದಿಲ್ಲ. "ಹುಬ್ಬು ಸಿಕ್ತು. ಆಮೇಲೆ ಸುಮ್ಮನಾಗಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ತಗಡು ತಯಾರಾಯಿತು. ಹಾವಿನ ಕೂದಲು ಅಂಟಿಸಿಕೊಂಡು ಅಪೊಲಿನ್ ತೊಟ್ಟಿಲ ಕಾಲಡಿ ಬಿತ್ತು, ಮೇಲೆ ಗುಂಗುರು ಕೂದಲಿನ ಮನ್ಮಥ ಬೆನ್ನು ನೆಟ್ಟಗೆ ಮಾಡಿ ಶತ್ರುವಿನ ಕೋಟೆ ತೋರಿಸಿದ. ಗಿಲ್ಮೆತ್ ಸುತ್ತ ಮೋಡ ತುಂಬಿಸಿದಳು. ಮಗಳ ಬೆನ್ನಡಿಗೆ ಮಾತ್ರ ಯಾರೂ ಹೇಳದಿದ್ದರೂ ಒಂದು ದಪ್ಪ ಮೋಡ ಇಟ್ಟಳು. ಬರೀ ನೆಲದ ಮೇಲೆ ಮಲಗಿಸಲು ಮನಸ್ಸು ಬರಲಿಲ್ಲ. ನರಕದ ಅಸೂಯೆಗೆ ಸ್ವರ್ಗದ ಮೋಡ ಯಾಕೆ ಎಂದು ಪಾದ್ರಿ ಕೇಳಲೂ ಇಲ್ಲ, ಅದಕ್ಕೂ ಎರಡು ಸಾಲು ಬರೆದುಕೊಟ್ಟ. ಚಿತ್ರ ದ್ರುವಾರ್‌ನ ಅಂಗಡಿಯ ಕಿಟಕಿಯಲ್ಲಿ ನೇತಾಡಿತು, ಜನ ಮುಗಿಬಿದ್ದರು. ರಾಜಕುಮಾರನನ್ನು ಯಾರೂ ಎರಡನೆಯ ಸಲ ನೋಡಲಿಲ್ಲ. ಅಸೂಯೆಯನ್ನು ತೋರಿಸಿ, "ಥೇಟ್ ನಮ್ಮತ್ತೆ!" ಎಂದು ಒಬ್ಬಳು ಅಂದರೆ, "ನಿಮ್ಮತ್ತೆ ಯಾಕೆ, ನೀನೇ!" ಎಂದು ಇನ್ನೊಬ್ಬಳು ನಕ್ಕಳು.

ಬ್ಲೇಜ್ ಬರುವ ದಿನ ಬಂತು. ಗಿಲ್ಮೆತ್‌ಳ ಹತ್ತಿರ ಇನ್ನು ಯಾವ ನೆಪವೂ ಇರಲಿಲ್ಲ. ಬೆಳಗ್ಗಿನಿಂದ ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಮನೆಯ ಒಳಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಿತ್ತುಕೊಂಡರೆ ಕಚ್ಚುತ್ತೇನೆ ಎಂದು ನಿರ್ಧರಿಸಿದ್ದಳು. ಯಾರನ್ನು ಎಂದು ನಿರ್ಧರಿಸಿರಲಿಲ್ಲ. ಕೆಳಗೆ ಗಾಡಿ ನಿಂತ ಸದ್ದಾಯಿತು, ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಎಲೋಯ್ ಕೆಲಸದ ಮೇಜಿನಿಂದ ಎದ್ದು, ಏಪ್ರನ್‌ಗೆ ಕೈ ಒರೆಸಿಕೊಂಡು, ಹೆಂಡತಿಯ ಕಡೆ ನೋಡದೆ ಬಾಗಿಲಿಗೆ ಹೋದ.

"ಕೊಡಿ ಯಜಮಾನ್ರೇ. ಇವತ್ತು ಆರು ಬುಟ್ಟಿ ಆಗಿದೆ, ಇದೊಂದಕ್ಕೆ ಜಾಗ ಇಟ್ಟಿದ್ದೀನಿ," ಎಂದ ಬ್ಲೇಜ್.

"ಆಗಲ್ಲ. ಅಸೂಯೆ ಮುಗಿದಿಲ್ಲ."

"ಮುಗಿದಿಲ್ಲ? ಈಗ ತಾನೇ ದ್ರುವಾರ್ ಸಾಹುಕಾರ್ರ ಅಂಗಡೀಲಿ ನೇತಾಡ್ತಿದ್ದದ್ದು ನೋಡ್ಕೊಂಡು ಬಂದೆ. ನಾನೂ ನಕ್ಕೆ."

"ಅದು ಈ ರಾಜಕುಮಾರನ ಅಸೂಯೆ. ಮುಂದಿನ ರಾಜಕುಮಾರನದು ಬಾಕಿ ಇದೆ."

ಬ್ಲೇಜ್ ಹ್ಯಾಟಿನ ಅಂಚು ತಿರುವಿದ. "ಮುಂದಿನ ರಾಜಕುಮಾರ ಯಾವಾಗ?"

"ನನ್ನ ಕೇಳಿದ್ರೆ? ರಾಣಿಯವರನ್ನ ಕೇಳು."

"ಹಾಗಾದ್ರೆ ಮುಂದಿನ ಸುತ್ತಿಗೆ ಬರ್ಲಾ?"

"ಬೇಡ."

ಬ್ಲೇಜ್ ಒಳಗೆ ಇಣುಕಿ, ಗೋಡೆಗೆ ಅಂಟಿ ನಿಂತಿದ್ದವಳನ್ನು ನೋಡಿ, ಹ್ಯಾಟು ಇಟ್ಟುಕೊಂಡು ಇಳಿದುಹೋದ. ಗಾಡಿ ಹೊರಟಿತು. ಅದರೊಳಗಿನ ಮಕ್ಕಳು ಅಳುವುದು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು. ಗಿಲ್ಮೆತ್ ಮಗುವಿನ ಸಮೇತ ನೆಲದ ಮೇಲೇ ಕೂತಳು, ಕೂತು ಜೋರಾಗಿ ಅತ್ತಳು. ಸಂತೋಷಕ್ಕೇ ಅತ್ತಳು, ಆದರೆ ಬರೀ ಸಂತೋಷಕ್ಕಲ್ಲ.

ಎಲೋಯ್ ಬಾಗಿಲ ಅಗುಳಿ ಹಾಕಿ ಬಂದ. ಅವಳ ಎದುರಿಗೆ ನೆಲದ ಮೇಲೆ ತಾನೂ ಕೂತ. ಮೇಜಿನ ಮೇಲಿಂದ ಒಂದು ಖಾಲಿ ಹಾಳೆ ಎಳೆದುಕೊಂಡ. ಹಳೆಯ ಅಚ್ಚಿನ ಬೆನ್ನಲ್ಲ, ಹೊಸ ಹಾಳೆ.

"ಗಾಡೀಲಿ ಹೋದ ಆ ಇಬ್ರು ಹೇಗಿದ್ರೇ?" ಎಂದ. "ನಾನು ನೋಡ್ಲಿಲ್ಲ. ನೀನು ಹೇಳು, ಬರೀತೀನಿ."

ಗಿಲ್ಮೆತ್ ಮೂಗು ಒರೆಸಿಕೊಂಡು ಕಣ್ಣು ಮುಚ್ಚಿದಳು. ದೊಡ್ಡವನ ಬಾಯಿ ಚಿಕ್ಕದಿತ್ತು ಎಂದಳು. ಆಮೇಲೆ, ಅದು ಎರಡನೆಯವನದೋ ಏನೋ ಎಂದಳು. ಎಲೋಯ್ ಕಡ್ಡಿ ಹಿಡಿದು ಕಾಯುತ್ತಿದ್ದ.

"ರಾದ್‌ಗೋಂದ್ ಅಜ್ಜಿ ಸುತ್ತಿ ಕೊಟ್ಟಿದ್ಲಲ್ಲ," ಎಂದಳು ಗಿಲ್ಮೆತ್, "ನಾನೂ ಸರಿಯಾಗಿ ನೋಡ್ಲಿಲ್ಲ ಕಣ್ರೀ."